ನಿವೃತ್ತ ಪೋಪ್ ಎಲ್ಲಿ ಮಾತಾಡಬೇಕಿತ್ತು, ಎಲ್ಲಿ ಸುಮ್ಮನಿರಬೇಕಿತ್ತು

ಎಲ್ಲರಿಗೂ ನಮಸ್ಕಾರ.

2019ರ ಏಪ್ರಿಲ್‌ನಲ್ಲಿ ಜರ್ಮನಿಯ ಒಂದು ಪುಟ್ಟ ಮಾಸಪತ್ರಿಕೆಯ ಹೆಸರು ಇದ್ದಕ್ಕಿದ್ದ ಹಾಗೆ ಜಗತ್ತಿನ ದೊಡ್ಡ ಪತ್ರಿಕೆಗಳಲ್ಲೆಲ್ಲ ಬಂತು. ‘ಕ್ಲೇರುಸ್‌ಬ್ಲಾಟ್’ ಅಂತ ಅದರ ಹೆಸರು. ಬವೇರಿಯಾದ ಕ್ಯಾಥೊಲಿಕ್ ಪಾದ್ರಿಗಳಿಗಾಗಿ ಬರುವ ಪತ್ರಿಕೆ. ಅದಕ್ಕೆ ಲೇಖನ ಬರೆದವರು 91 ವರ್ಷದ ನಿವೃತ್ತ ಪೋಪ್, ಹದಿನಾರನೇ ಬೆನೆಡಿಕ್ಟ್. ವಿಷಯ, ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯ. ನೋಡನೋಡುತ್ತಲೇ ಅದು ಇಂಗ್ಲಿಷ್, ಇಟಾಲಿಯನ್ ಭಾಷೆಗಳಲ್ಲೂ ಬಂತು. ಅದನ್ನು ಎತ್ತಿ ಹಿಡಿದವರು ಒಂದು ಕಡೆ, ಕೋಪದಿಂದ ಉತ್ತರ ಬರೆದವರು ಇನ್ನೊಂದು ಕಡೆ.

ಬೇರೆ ಯಾವ ನಿವೃತ್ತ ಪ್ರಾಧ್ಯಾಪಕರು ಅದೇ ಲೇಖನ ಬರೆದಿದ್ದರೂ ಇಷ್ಟು ಗಲಾಟೆ ಆಗುತ್ತಿರಲಿಲ್ಲ. ಅದನ್ನು ಬರೆದವರ ಮೈಮೇಲೆ ಆಗಲೂ ಬಿಳಿ ನಿಲುವಂಗಿ ಇತ್ತು. ಅವರ ಹೆಸರೂ ಪೋಪ್ ಆಗಿದ್ದಾಗಿನ ಹೆಸರೇ. ಮನೆ ವ್ಯಾಟಿಕನ್‌ನ ತೋಟದೊಳಗೆ, ಆಗಿನ ಪೋಪ್ ಫ್ರಾನ್ಸಿಸ್ ಅವರ ವಾಸದ ಜಾಗದಿಂದ ನಡೆದುಹೋಗುವಷ್ಟು ಹತ್ತಿರ. ಅಂಥವರು ಮಾತಾಡಿದರೆ ಅದು ಯಾರ ಮಾತು? ಇವತ್ತು ಇದನ್ನೇ ನಿಮ್ಮ ಮುಂದೆ ಇಡಬೇಕು ಅಂತ ಬಂದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೆನೆಡಿಕ್ಟ್ ಮಾತಾಡಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಉತ್ತರಾಧಿಕಾರಿ ತೀರ್ಮಾನ ಮಾಡಬೇಕಾದ ವಿಷಯದಲ್ಲಿ ಅವರು ಮಾತಾಡಿದರು. ತಾವೇ ಉತ್ತರ ಕೊಡಬೇಕಾದ ವಿಷಯದಲ್ಲಿ ಸಾಲದಷ್ಟು ಮಾತಾಡಿದರು. ನನಗೆ ನೋವಾಗುವುದು ಈ ಎರಡನೆಯದರಿಂದ.

ಸ್ವಲ್ಪ ಹಿಂದಕ್ಕೆ ಹೋಗೋಣ. 2013ರ ಫೆಬ್ರವರಿ 11. ಕೆಲವರಿಗೆ ಸಂತ ಪದವಿ ಕೊಡುವ ಬಗ್ಗೆ, ಪೋಪ್ ಅವರನ್ನು ಆರಿಸುವ ಹಿರಿಯ ಧರ್ಮಗುರುಗಳಾದ ಕಾರ್ಡಿನಲ್‌ಗಳ ಸಭೆ ಸೇರಿತ್ತು. ಅದು ಮಾಮೂಲಿ ಸಭೆ. ಅದರ ಕೊನೆಯಲ್ಲಿ ಬೆನೆಡಿಕ್ಟ್ ಲ್ಯಾಟಿನ್ ಭಾಷೆಯಲ್ಲಿ ಒಂದು ಚಿಕ್ಕ ಹೇಳಿಕೆ ಓದಿದರು. ವಯಸ್ಸಾಗಿದೆ, ಶಕ್ತಿ ಸಾಲದು, ಫೆಬ್ರವರಿ 28ರ ರಾತ್ರಿ 8 ಗಂಟೆಗೆ ಪದವಿ ಬಿಡುತ್ತೇನೆ ಅಂದರು. ಇಟಲಿಯ ಆನ್ಸಾ ಸುದ್ದಿಸಂಸ್ಥೆಯ ವರದಿಗಾರ್ತಿ ಜೊವಾನ್ನಾ ಕಿರ್ರಿ ಅವರಿಗೆ ಲ್ಯಾಟಿನ್ ಬರುತ್ತಿತ್ತು. ಹಾಗಾಗಿ ಜಗತ್ತಿಗೆ ಆ ಸುದ್ದಿ ಮೊದಲು ಕೊಟ್ಟವರು ಅವರೇ. ಅದಕ್ಕೂ ಹಿಂದೆ ಪೋಪ್ ಒಬ್ಬರು ಪದವಿ ಬಿಟ್ಟಿದ್ದು 1415ರಲ್ಲಿ, ಹನ್ನೆರಡನೇ ಗ್ರೆಗರಿ. ಅದೂ ಪೋಪ್ ತಾನೇ ಅಂತ ಮೂವರು ಜಗಳವಾಡುತ್ತಿದ್ದ ಕಾಲದಲ್ಲಿ, ಆ ಜಗಳ ಮುಗಿಸಲು. ಯಾರ ಒತ್ತಡವೂ ಇಲ್ಲದೆ ಬಿಟ್ಟವರು ಬೇಕೆಂದರೆ 1294ರ ಐದನೇ ಸೆಲೆಸ್ಟೀನ್ ತನಕ ಹೋಗಬೇಕು.

ಫೆಬ್ರವರಿ 28ರ ರಾತ್ರಿ 8 ಗಂಟೆಗೆ, ಬೆನೆಡಿಕ್ಟ್ ಇದ್ದ ಕಸ್ತೆಲ್ ಗಂಡೊಲ್ಫೊ ಅರಮನೆಯ ಬಾಗಿಲಲ್ಲಿದ್ದ ಸ್ವಿಸ್ ಗಾರ್ಡ್‌ಗಳು ದೊಡ್ಡ ಮರದ ಬಾಗಿಲು ಮುಚ್ಚಿ ಹೊರಟುಹೋದರು. ಅವರ ಕೆಲಸ ಪೋಪ್ ಅವರನ್ನು ಕಾಯುವುದು. ಒಳಗಿದ್ದವರು ಆ ಗಳಿಗೆಯಿಂದ ಪೋಪ್ ಅಲ್ಲ. ಕಾನೂನು ಅಷ್ಟು ಸ್ಪಷ್ಟವಾಗಿತ್ತು. ರಾಜೀನಾಮೆ ಸ್ವಇಚ್ಛೆಯಿಂದ ಇರಬೇಕು, ಸರಿಯಾಗಿ ಪ್ರಕಟಿಸಿರಬೇಕು, ಅದನ್ನು ಯಾರೂ ಒಪ್ಪಿಕೊಳ್ಳಬೇಕಾಗಿಲ್ಲ. ಧರ್ಮಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ಕಾನೂನು ಇಷ್ಟು ಹೇಳುತ್ತದೆ. ಮಾರನೆಯ ದಿನ ಬೆಳಿಗ್ಗೆ ಎದ್ದ ಆ ಮನುಷ್ಯ ಏನು ಉಡಬೇಕು, ಎಲ್ಲಿರಬೇಕು, ಏನು ಬರೆಯಬಹುದು ಅನ್ನುವುದರ ಬಗ್ಗೆ ಅಲ್ಲಿ ಏನೂ ಇಲ್ಲ.

ಆ ಖಾಲಿ ಜಾಗವನ್ನು ಬೆನೆಡಿಕ್ಟ್ ತಮಗೆ ತೋಚಿದಂತೆ ತುಂಬಿದರು. ಲೋಕದ ಕಣ್ಣಿಗೆ ಮರೆಯಾಗಿರುತ್ತೇನೆ ಅಂತ ರೋಮಿನ ಪಾದ್ರಿಗಳಿಗೆ ಹೇಳಿದರು. ನಿಮ್ಮೊಳಗೇ ಇರುವ ಮುಂದಿನ ಪೋಪ್‌ಗೆ ಷರತ್ತಿಲ್ಲದ ವಿಧೇಯತೆ ತೋರುತ್ತೇನೆ ಅಂತ ಕಾರ್ಡಿನಲ್‌ಗಳಿಗೆ ಮಾತು ಕೊಟ್ಟರು. ಕೆಂಪು ಶೂ ಬಿಟ್ಟು ಮೆಕ್ಸಿಕೊದವರು ಕೊಟ್ಟಿದ್ದ ಕಂದು ಶೂ ಹಾಕಿಕೊಂಡರು. ಬಿಳಿ ನಿಲುವಂಗಿಯನ್ನು ಮಾತ್ರ ಬಿಡಲಿಲ್ಲ. ಯಾಕೆ ಅಂತ ಇಟಲಿಯ ಪತ್ರಕರ್ತರೊಬ್ಬರು 2014ರಲ್ಲಿ ಕೇಳಿದರು. ರಾಜೀನಾಮೆ ಕೊಟ್ಟಾಗ ಬೇರೆ ಬಟ್ಟೆ ಇರಲಿಲ್ಲ ಅಂತ ಪತ್ರದಲ್ಲಿ ಉತ್ತರಿಸಿದರು. ಅವರು ಅದನ್ನು ಸರಳವಾಗಿಯೇ ಹೇಳಿದ್ದಾರೆ ಅಂತ ನಾನು ನಂಬುತ್ತೇನೆ. ಆದರೆ ನೂರಾರು ವರ್ಷಗಳಿಂದ ಆ ಬಿಳಿ ಬಣ್ಣ ಕಂಡ ಕೂಡಲೇ ಪೋಪ್ ಅಂತ ತಲೆಬಾಗಿದ ಜನರಿಗೆ ಆ ಉತ್ತರ ಸಾಕಾಗುತ್ತದಾ?

ಧರ್ಮಾಧ್ಯಕ್ಷರ, ಅಂದರೆ ಬಿಷಪ್‌ಗಳ, ವಿಷಯದಲ್ಲಿ ಹೀಗಿಲ್ಲ ನೋಡಿ. 75 ವರ್ಷ ಆದ ಕೂಡಲೇ ಧರ್ಮಾಧ್ಯಕ್ಷರು ರಾಜೀನಾಮೆ ಪತ್ರ ಕಳಿಸಬೇಕು. ನಮ್ಮ ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಮೊರಾಸ್ ಅವರು 2018ರಲ್ಲಿ ನಿವೃತ್ತರಾಗಿ ಪೀಟರ್ ಮಚಾದೊ ಅವರು ಬಂದರಲ್ಲ, ಆ ವ್ಯವಸ್ಥೆಯ ಪ್ರಕಾರವೇ. ನಿವೃತ್ತ ಧರ್ಮಾಧ್ಯಕ್ಷರು ಹೇಗಿರಬೇಕು ಅನ್ನುವುದಕ್ಕೆ 2004ರಲ್ಲಿ ವ್ಯಾಟಿಕನ್ನೇ ಹೊರಡಿಸಿದ ಮಾರ್ಗದರ್ಶಿ ಇದೆ. ಆಡಳಿತದಲ್ಲಿ ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ಕೈ ಹಾಕಬಾರದು, ಇನ್ನೊಂದು ಅಧಿಕಾರ ಕೇಂದ್ರ ಇದೆ ಅನ್ನುವ ಸುಳಿವೂ ಬರದ ಹಾಗೆ ನಡೆದುಕೊಳ್ಳಬೇಕು ಅನ್ನುತ್ತದೆ ಅದು. ಒಂದು ಧರ್ಮಪ್ರಾಂತ್ಯಕ್ಕೆ ಇಷ್ಟು ಎಚ್ಚರ ಬೇಕು ಅಂತ ಬರೆದವರು, ನೂರು ಕೋಟಿಗೂ ಜಾಸ್ತಿ ಜನರ ಧರ್ಮಸಭೆಗೆ ಅದೇ ಎಚ್ಚರ ಬೇಕು ಅಂತ ಬರೆಯಲೇ ಇಲ್ಲ.

ಫ್ರಾನ್ಸಿಸ್ ಅವರು ಇದನ್ನು ಪ್ರೀತಿಯಿಂದಲೇ ನಿಭಾಯಿಸಿದರು. ಮನೆಯಲ್ಲಿ ತಿಳಿವಳಿಕೆಯುಳ್ಳ ಅಜ್ಜ ಇದ್ದ ಹಾಗೆ ಅಂತ ಬೆನೆಡಿಕ್ಟ್ ಬಗ್ಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಕೂಡುಕುಟುಂಬ ನೋಡಿದ ನಮಗೆ ಆ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಅಜ್ಜ ತಿಜೋರಿಯ ಬೀಗದ ಕೈ ಮಗನಿಗೆ ಕೊಟ್ಟಾಗಿರುತ್ತದೆ. ಆದರೂ ಮಗನ ತೀರ್ಮಾನ ಹಿಡಿಸದವರು ಸೀದಾ ಅಜ್ಜನ ಕೋಣೆಗೇ ಹೋಗುತ್ತಾರೆ. ಅಜ್ಜ ತಲೆ ಅಲ್ಲಾಡಿಸಿದರೂ ಸಾಕು, ಹೊರಗೆ ಬಂದು ‘ಅಜ್ಜ ಹೀಗಂದ್ರು’ ಅಂತ ಹೇಳಿಬಿಡುತ್ತಾರೆ.

ಆಗಿದ್ದೂ ಅದೇ. 2017ರ ಜುಲೈನಲ್ಲಿ ಜರ್ಮನಿಯ ಕಾರ್ಡಿನಲ್ ಮೈಸ್ನರ್ ತೀರಿಕೊಂಡರು. ಮರುಮದುವೆಯಾದ ವಿಚ್ಛೇದಿತರಿಗೆ ಪ್ರಸಾದ ಕೊಡುವ ವಿಷಯದಲ್ಲಿ ಫ್ರಾನ್ಸಿಸ್ ಅವರನ್ನು ಬಹಿರಂಗವಾಗಿ ಪ್ರಶ್ನಿಸಿದ ನಾಲ್ವರು ಕಾರ್ಡಿನಲ್‌ಗಳಲ್ಲಿ ಅವರೂ ಒಬ್ಬರು. ಅವರ ಅಂತ್ಯಸಂಸ್ಕಾರಕ್ಕೆ ಬೆನೆಡಿಕ್ಟ್ ಒಂದು ಸಂದೇಶ ಕಳಿಸಿದರು. ದೋಣಿ ಮಗುಚುವಷ್ಟು ನೀರು ತುಂಬಿದರೂ ದೇವರು ಧರ್ಮಸಭೆಯನ್ನು ಕೈಬಿಡುವುದಿಲ್ಲ ಅನ್ನುವ ಅರ್ಥದ ಸಾಲು ಅದರಲ್ಲಿತ್ತು. ಫ್ರಾನ್ಸಿಸ್ ಅವರನ್ನು ಇಷ್ಟಪಡದವರು ಆ ಒಂದೇ ಸಾಲನ್ನು ಹಿಡಿದುಕೊಂಡರು. ನೋಡಿ, ನಿಜವಾದ ಪೋಪ್ ಏನು ಹೇಳುತ್ತಿದ್ದಾರೆ ಅಂತ ಶುರು ಮಾಡಿದರು. ರಾಜೀನಾಮೆಯೇ ಸಿಂಧುವಲ್ಲ ಅನ್ನುವ ಗುಂಪೂ ಹುಟ್ಟಿಕೊಂಡಿತ್ತು. ಅದೆಲ್ಲ ಅಸಂಬದ್ಧ ಅಂತ ಬೆನೆಡಿಕ್ಟ್ ಬರೆದರು. ಪೋಪ್ ಇಬ್ಬರಿಲ್ಲ, ಒಬ್ಬರೇ ಅಂತ 2021ರಲ್ಲಿ ಮತ್ತೆ ಹೇಳಬೇಕಾಯಿತು. ಪದವಿ ಬಿಟ್ಟ ಎಂಟು ವರ್ಷಕ್ಕೂ ಅದನ್ನು ಹೇಳುತ್ತಲೇ ಇರಬೇಕಾಯಿತು ಅಂದರೆ ವ್ಯವಸ್ಥೆಯಲ್ಲೇ ಏನೋ ಸರಿಯಿಲ್ಲ ಅಲ್ವಾ?

ಬಳಸಿಕೊಂಡವರು ವಿರೋಧಿಗಳು ಮಾತ್ರ ಅಂತ ತಿಳಿಯಬೇಡಿ. 2018ರ ಮಾರ್ಚ್‌ನಲ್ಲಿ ವ್ಯಾಟಿಕನ್ ಸಂವಹನ ವಿಭಾಗ ಫ್ರಾನ್ಸಿಸ್ ಅವರ ಚಿಂತನೆಯ ಬಗ್ಗೆ 11 ಪುಟ್ಟ ಪುಸ್ತಕಗಳನ್ನು ಬಿಡುಗಡೆ ಮಾಡಿತು. ಜೊತೆಗೆ ಬೆನೆಡಿಕ್ಟ್ ಬರೆದ ಪತ್ರದ ಒಂದು ಫೋಟೊ ಕೂಡ ಬಂತು. ಫ್ರಾನ್ಸಿಸ್‌ಗೆ ದೈವಶಾಸ್ತ್ರದ ಆಳವಿಲ್ಲ ಅನ್ನುವುದು ಮೂರ್ಖ ಪೂರ್ವಗ್ರಹ ಅಂತ ಪತ್ರ ಹೇಳುತ್ತಿತ್ತು. ಒಳ್ಳೆಯ ಮಾತೇ. ಆದರೆ ಆ ಫೋಟೊವನ್ನು ಹತ್ತಿರದಿಂದ ನೋಡಿ. ಮೊದಲ ಪುಟದ ಕೊನೆಯ ಎರಡು ಸಾಲು ಮಂಜು ಮಂಜಾಗಿವೆ. ಎರಡನೇ ಪುಟದ ಮೇಲೆ ಆ ಪುಸ್ತಕಗಳನ್ನೇ ಜೋಡಿಸಿ ಇಟ್ಟಿದ್ದಾರೆ. ಕೆಳಗೆ ಪುಟಾಣಿ ಸಹಿ ಮಾತ್ರ ಕಾಣುತ್ತದೆ. ಮುಚ್ಚಿಟ್ಟ ಭಾಗದಲ್ಲಿ ಏನಿತ್ತು ಗೊತ್ತಾ? ಈ ಪುಸ್ತಕಗಳನ್ನು ನಾನು ಓದಿಲ್ಲ, ಓದಿ ಬರೆಯಲೂ ಆಗುವುದಿಲ್ಲ ಅಂತ ಬೆನೆಡಿಕ್ಟ್ ಹೇಳಿದ್ದರು. ತಮ್ಮ ಕಾಲದಲ್ಲಿ ಪೋಪ್‌ಗಳ ಅಧಿಕಾರವನ್ನೇ ಟೀಕಿಸಿದ ಜರ್ಮನ್ ದೈವಶಾಸ್ತ್ರಜ್ಞರೊಬ್ಬರನ್ನು ಲೇಖಕರಾಗಿ ಆರಿಸಿದ್ದಕ್ಕೆ ಆಶ್ಚರ್ಯವನ್ನೂ ತೋರಿಸಿದ್ದರು. ಸತ್ಯ ಹೊರಬಿದ್ದ ಮೇಲೆ ಆ ವಿಭಾಗದ ಮುಖ್ಯಸ್ಥ ದಾರಿಯೊ ವಿಗನೊ ಹುದ್ದೆ ಬಿಡಬೇಕಾಯಿತು. ಫ್ರಾನ್ಸಿಸ್ ಪರ ಇದ್ದವರಿಗೂ ಬೇಕಾಗಿದ್ದು ಬೆನೆಡಿಕ್ಟ್ ಅವರ ಸಹಿ. ಅವರ ಪೂರ್ತಿ ಮಾತು ಯಾರಿಗೂ ಬೇಕಿರಲಿಲ್ಲ.

ಈಗ ಆ ‘ಕ್ಲೇರುಸ್‌ಬ್ಲಾಟ್’ ಲೇಖನಕ್ಕೆ ಬರುತ್ತೇನೆ. ಅದು ಬಂದ ಸಮಯ ಮುಖ್ಯ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2018ರ ಆಗಸ್ಟ್‌ನಲ್ಲಿ ಒಂದು ತನಿಖಾ ವರದಿ ಬಂದಿತ್ತು. ಆರು ಧರ್ಮಪ್ರಾಂತ್ಯಗಳಲ್ಲಿ 300ಕ್ಕೂ ಹೆಚ್ಚು ಪಾದ್ರಿಗಳ ಮೇಲೆ ಆರೋಪ, ಗುರುತಿಸಿದ ಸಂತ್ರಸ್ತ ಮಕ್ಕಳೇ ಸಾವಿರಕ್ಕೂ ಹೆಚ್ಚು. ಜಗತ್ತಿನೆಲ್ಲೆಡೆ ಧರ್ಮಸಭೆ ತಲೆತಗ್ಗಿಸಿತ್ತು. 2019ರ ಫೆಬ್ರವರಿಯಲ್ಲಿ ಫ್ರಾನ್ಸಿಸ್ ಎಲ್ಲ ದೇಶಗಳ ಧರ್ಮಾಧ್ಯಕ್ಷರ ಪ್ರತಿನಿಧಿಗಳನ್ನು ಕರೆಸಿ ನಾಲ್ಕು ದಿನ ಇದೇ ವಿಷಯದ ಸಭೆ ನಡೆಸಿದರು. ಸಂತ್ರಸ್ತರ ಮಾತು ಕೇಳಿಸಿದರು. ಎರಡು ತಿಂಗಳೂ ಆಗಿರಲಿಲ್ಲ, ಬೆನೆಡಿಕ್ಟ್ ಲೇಖನ ಬಂತು. ಫ್ರಾನ್ಸಿಸ್ ಅವರಿಗೂ ವ್ಯಾಟಿಕನ್ನಿನ ರಾಜ್ಯ ಕಾರ್ಯದರ್ಶಿ ಕಾರ್ಡಿನಲ್ ಪರೋಲಿನ್ ಅವರಿಗೂ ಮೊದಲೇ ತಿಳಿಸಿದ್ದೇನೆ ಅಂತ ಅದರಲ್ಲೇ ಬರೆದಿದ್ದರು. ಕದ್ದುಮುಚ್ಚಿ ಮಾಡಿದ್ದಲ್ಲ.

ಲೇಖನದ ವಾದ ಹೀಗೆ. 1960ರ ದಶಕದಲ್ಲಿ, ಅದರಲ್ಲೂ 1968ರ ವಿದ್ಯಾರ್ಥಿ ಚಳವಳಿಯಲ್ಲಿ ಲೈಂಗಿಕತೆಯ ಎಲ್ಲ ಕಟ್ಟುಪಾಡುಗಳೂ ಕಿತ್ತುಹೋದವು. ಅದೇ ಹೊತ್ತಿಗೆ ಧರ್ಮಸಭೆಯ ಒಳಗೂ ನೀತಿಶಾಸ್ತ್ರ ಕುಸಿಯಿತು. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಗಳು ಹಾಳಾದವು. ಆರೋಪಿಯ ಹಕ್ಕು ಕಾಪಾಡುವುದೇ ದೊಡ್ಡದಾಗಿ ಶಿಕ್ಷೆ ಕೊಡುವುದೇ ಅಸಾಧ್ಯವಾಯಿತು. ಕೊನೆಗೆ ಎಲ್ಲದರ ಬೇರು, ದೇವರೇ ಇಲ್ಲದ ಬದುಕು.

ಇದರಲ್ಲಿ ಆರೋಪಿಗಳ ಹಕ್ಕಿನ ಬಗ್ಗೆ ಹೇಳಿದ್ದು ನಿಜ. ಅದು ಅವರ ಸ್ವಂತ ಅನುಭವದ ಮಾತು. 2001ರಲ್ಲಿ ಈ ಪ್ರಕರಣಗಳನ್ನೆಲ್ಲ ರೋಮಿಗೆ, ಆಗ ತಾವು ಮುಖ್ಯಸ್ಥರಾಗಿದ್ದ ವಿಭಾಗಕ್ಕೆ ಕಳಿಸಬೇಕು ಅನ್ನುವ ನಿಯಮ ಬರಲು ಅವರೇ ಕಾರಣ. ಪೋಪ್ ಆದ ಮೇಲೆ, ಪ್ರಭಾವಿ ಪಾದ್ರಿ ಮಾರ್ಸಿಯಲ್ ಮಸಿಯೆಲ್ ಅವರನ್ನು 2006ರಲ್ಲಿ ಸಾರ್ವಜನಿಕ ಸೇವೆಯಿಂದ ದೂರ ಮಾಡಿದ್ದೂ ಅವರ ಕಾಲದಲ್ಲೇ. 2011 ಮತ್ತು 2012ರಲ್ಲಿ, ಎರಡೇ ವರ್ಷದಲ್ಲಿ, 400ರ ಹತ್ತಿರ ಪಾದ್ರಿಗಳ ಪಾದ್ರಿತನ ಹೋಯಿತು. ಇದನ್ನು ಮರೆತು ಅವರನ್ನು ಬೈಯುವುದು ನ್ಯಾಯವಲ್ಲ.

ಆದರೆ 1968ರ ಮೇಲೆ ತಪ್ಪು ಹೊರಿಸಿದ್ದನ್ನು ನಾನು ಒಪ್ಪಲಾರೆ. ಐರ್ಲೆಂಡಿನ ಕ್ಯಾಥೊಲಿಕ್ ವಸತಿಶಾಲೆಗಳಲ್ಲಿ ಮಕ್ಕಳಿಗೆ ಆದ ಹಿಂಸೆಯನ್ನು 2009ರ ಸರ್ಕಾರಿ ಆಯೋಗದ ವರದಿ 1930ರ ದಶಕದಿಂದಲೇ ದಾಖಲಿಸಿದೆ. ಅಲ್ಲಿ ಲೈಂಗಿಕ ಕ್ರಾಂತಿ ಎಲ್ಲಿತ್ತು? ದೇವರಿಲ್ಲದ ಬದುಕು ಎಲ್ಲಿತ್ತು? ದಿನವೂ ಪ್ರಾರ್ಥನೆ ನಡೆಯುತ್ತಿದ್ದ ಮನೆಗಳು ಅವು. ಆ ಮಕ್ಕಳನ್ನು ಹಾಳು ಮಾಡಿದ್ದು ಯಾರೂ ಪ್ರಶ್ನಿಸದ ಅಧಿಕಾರ. ಉಳಿದದ್ದನ್ನು ಮಾಡಿದ್ದು, ಹೆಸರು ಕೆಡಬಾರದು ಅಂತ ಪಾದ್ರಿಯನ್ನು ಊರಿಂದೂರಿಗೆ ವರ್ಗ ಮಾಡಿದ ಧರ್ಮಾಧ್ಯಕ್ಷರು. ಲೇಖನದಲ್ಲಿ ಆ ವರ್ಗಾವಣೆಗಳ ಬಗ್ಗೆ, ಮುಚ್ಚಿಟ್ಟವರ ಹೊಣೆಯ ಬಗ್ಗೆ ಗಟ್ಟಿಯಾದ ಮಾತು ಇಲ್ಲ. ಹಾಲಿ ಪೋಪ್ ಅಧಿಕಾರದ ದುರುಪಯೋಗದ ಬಗ್ಗೆ ಮಾತಾಡುತ್ತಿದ್ದಾಗ, ಮಾಜಿ ಪೋಪ್ ಹೊರಗಿನ ಸಮಾಜದ ಕಡೆ ಬೆರಳು ತೋರಿಸಿದ ಹಾಗಾಯಿತು. ಎಷ್ಟೋ ಧರ್ಮಾಧ್ಯಕ್ಷರಿಗೆ ಅದರಿಂದ ನಿರಾಳ ಆಗಿರಬೇಕು.

2020ರ ಜನವರಿಯ ಪುಸ್ತಕದ ಕತೆಯನ್ನು ಬೇಗ ಹೇಳಿಬಿಡುತ್ತೇನೆ. ಅಮೆಜಾನ್ ಕಾಡಿನ ಹಳ್ಳಿಗಳಲ್ಲಿ ಪಾದ್ರಿಗಳೇ ಸಿಗುವುದಿಲ್ಲ. ತಿಂಗಳುಗಟ್ಟಲೆ ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಇಲ್ಲ. ಮದುವೆಯಾದ ಯೋಗ್ಯ ಗಂಡಸರಿಗೆ ಅಲ್ಲಿ ಪಾದ್ರಿ ದೀಕ್ಷೆ ಕೊಡಬಹುದಾ ಅಂತ 2019ರ ಅಕ್ಟೋಬರ್‌ನ ಧರ್ಮಾಧ್ಯಕ್ಷರ ಸಭೆಯಾದ ಸಿನೊಡ್‌ನಲ್ಲಿ ಮತ ಹಾಕಿದಾಗ 128 ಜನ ಹೌದು ಅಂದರು, 41 ಜನ ಬೇಡ ಅಂದರು. ಕೊನೆಯ ತೀರ್ಮಾನ ಫ್ರಾನ್ಸಿಸ್ ಅವರದು. ಅದಕ್ಕಾಗಿ ಎಲ್ಲರೂ ಕಾಯುತ್ತಿದ್ದಾಗ, ಬ್ರಹ್ಮಚರ್ಯವನ್ನು ಬಿಡಲೇಬಾರದು ಅಂತ ವಾದಿಸುವ ಪುಸ್ತಕ ಫ್ರಾನ್ಸಿನಲ್ಲಿ ಹೊರಬಂತು. ಮುಖಪುಟದಲ್ಲಿ ಇಬ್ಬರ ಹೆಸರು, ಬೆನೆಡಿಕ್ಟ್ ಮತ್ತು ಗಿನಿ ದೇಶದ ಕಾರ್ಡಿನಲ್ ರಾಬರ್ಟ್ ಸಾರಾ. ಗದ್ದಲವಾಯಿತು. ಎರಡೇ ದಿನದಲ್ಲಿ ಬೆನೆಡಿಕ್ಟ್ ಅವರ ಆಪ್ತ ಕಾರ್ಯದರ್ಶಿ ಗೆಯೋರ್ಗ್ ಗೇನ್ಸ್‌ವೈನ್ ಹೇಳಿಕೆ ಕೊಟ್ಟರು. ಬೆನೆಡಿಕ್ಟ್ ಕೊಟ್ಟಿದ್ದು ಒಂದು ಲೇಖನ ಮಾತ್ರ, ಸಹಲೇಖಕ ಅಂತ ಹಾಕಿದ ಹೆಸರು ತೆಗೆಯಿರಿ ಅಂದರು. ಸಾರಾ ಅವರು ಬೆನೆಡಿಕ್ಟ್ ಅವರ ಒಪ್ಪಿಗೆ ಇತ್ತು ಅಂತ ಪತ್ರಗಳನ್ನು ತೋರಿಸಿದರು. ಯಾರು ಯಾರಿಗೆ ಏನು ಹೇಳಿದ್ದರು ಅನ್ನುವ ಜಗಳದಲ್ಲಿ ಅಮೆಜಾನ್ ಜನರ ಪ್ರಶ್ನೆ ಎಲ್ಲೋ ಹೋಯಿತು. ಫೆಬ್ರವರಿಯಲ್ಲಿ ಬಂದ ಫ್ರಾನ್ಸಿಸ್ ಅವರ ದಾಖಲೆ ಮದುವೆಯಾದವರ ದೀಕ್ಷೆಯ ವಿಷಯವನ್ನೇ ಎತ್ತಲಿಲ್ಲ. ಪುಸ್ತಕದಿಂದಲೇ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಆ ತೀರ್ಮಾನದ ಮೇಲೆ ಅಂಥ ಅನುಮಾನ ಬೀಳುವ ಹಾಗೆ ಆಗಲೇಬಾರದಿತ್ತು.

ಅವರಿಗೆ ಸುಮ್ಮನಿರಲು ಬರುತ್ತಿರಲಿಲ್ಲ ಅಂತಲ್ಲ. ಹಳೆಯ ಲ್ಯಾಟಿನ್ ಬಲಿಪೂಜೆಗೆ 2007ರಲ್ಲಿ ಬಾಗಿಲು ತೆರೆದವರು ಬೆನೆಡಿಕ್ಟ್. ಅದು ಅವರಿಗೆ ತುಂಬ ಪ್ರೀತಿಯ ಕೆಲಸ. 2021ರ ಜುಲೈನಲ್ಲಿ ಫ್ರಾನ್ಸಿಸ್ ಅದನ್ನು ಮತ್ತೆ ಬಿಗಿ ಮಾಡಿದರು. ವ್ಯಾಟಿಕನ್ ಪತ್ರಿಕೆಯಲ್ಲಿ ಓದಿಯೇ ಬೆನೆಡಿಕ್ಟ್‌ಗೆ ವಿಷಯ ಗೊತ್ತಾಯಿತು, ಮನಸ್ಸಿಗೆ ತುಂಬ ನೋವಾಯಿತು ಅಂತ ಗೇನ್ಸ್‌ವೈನ್ ಆಮೇಲೆ ಹೇಳಿದರು. ಬದುಕಿರುವ ತನಕ ಬೆನೆಡಿಕ್ಟ್ ಅದರ ಬಗ್ಗೆ ಬಹಿರಂಗವಾಗಿ ಒಂದು ಮಾತೂ ಆಡಲಿಲ್ಲ. ಇದಕ್ಕೆ ನಾನು ಕೈಮುಗಿಯುತ್ತೇನೆ. ತನ್ನ ಕೈಯಾರೆ ಕಟ್ಟಿದ್ದನ್ನು ಕಣ್ಣೆದುರೇ ಬಿಚ್ಚುವಾಗ ಸುಮ್ಮನಿರುವುದು ಸುಲಭವಲ್ಲ.

ಇನ್ನು ಮ್ಯೂನಿಕ್. 1977ರಿಂದ 1982ರ ತನಕ ಅವರು ಅಲ್ಲಿ ಮಹಾಧರ್ಮಾಧ್ಯಕ್ಷರಾಗಿದ್ದರು. ಆ ಧರ್ಮಪ್ರಾಂತ್ಯವೇ ಒಂದು ವಕೀಲರ ಸಂಸ್ಥೆಗೆ ತನಿಖೆ ಒಪ್ಪಿಸಿತ್ತು. 2022ರ ಜನವರಿ 20ರಂದು ವರದಿ ಬಂತು. 1945ರಿಂದ 2019ರ ನಡುವೆ ಕಡಿಮೆಯೆಂದರೂ 497 ಸಂತ್ರಸ್ತರು. ನಾಲ್ಕು ಪ್ರಕರಣಗಳಲ್ಲಿ ಬೆನೆಡಿಕ್ಟ್ ಸರಿಯಾಗಿ ನಡೆದುಕೊಳ್ಳಲಿಲ್ಲ ಅಂತ ವರದಿ ಹೇಳಿತು. ಅದರಲ್ಲಿ ಒಂದು ಪ್ರಕರಣ ಹೀಗಿದೆ. ಎಸ್ಸೆನ್‌ನಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಮಾಡಿದ್ದ ಪಾದ್ರಿಯನ್ನು 1980ರಲ್ಲಿ ಚಿಕಿತ್ಸೆಗೆ ಅಂತ ಮ್ಯೂನಿಕ್‌ಗೆ ಕಳಿಸಿದರು. ಬಂದ ಸ್ವಲ್ಪದರಲ್ಲೇ ಆತ ಮತ್ತೆ ಧರ್ಮಕೇಂದ್ರದ ಕೆಲಸಕ್ಕೆ ಸೇರಿದ. ಮತ್ತೆ ಮಕ್ಕಳ ಮೇಲೆ ಕೈ ಹಾಕಿದ. 1986ರಲ್ಲಿ ಕೋರ್ಟ್ ಅವನಿಗೆ ಶಿಕ್ಷೆ ಕೊಟ್ಟಿತು.

ಆ ಪಾದ್ರಿಯನ್ನು ಸೇರಿಸಿಕೊಳ್ಳುವ ಮಾತು ಬಂದಿದ್ದು 1980ರ ಜನವರಿ 15ರ ಸಭೆಯಲ್ಲಿ. ತನಿಖೆಗೆ ಬೆನೆಡಿಕ್ಟ್ ಪರವಾಗಿ ಹೋದ 82 ಪುಟಗಳ ಉತ್ತರದಲ್ಲಿ, ನಾನು ಆ ಸಭೆಯಲ್ಲಿ ಇರಲಿಲ್ಲ ಅಂತ ಬರೆದಿತ್ತು. ಸಭೆಯ ನಡಾವಳಿ ಅವರು ಇದ್ದರು ಅಂತ ತೋರಿಸಿತು. ವರದಿ ಬಂದ ನಾಲ್ಕೇ ದಿನಕ್ಕೆ ತಿದ್ದುಪಡಿ ಬಂತು. ಸಭೆಯಲ್ಲಿ ಇದ್ದರು, ಸಂಪಾದಿಸುವಾಗ ತಪ್ಪಾಗಿದೆ, ಆದರೆ ಅವತ್ತು ಒಪ್ಪಿದ್ದು ಆತನ ವಸತಿಗೆ ಮಾತ್ರ, ಕೆಲಸಕ್ಕಲ್ಲ ಅಂತ. ಫೆಬ್ರವರಿಯಲ್ಲಿ ಬೆನೆಡಿಕ್ಟ್ ತಾವೇ ಪತ್ರ ಬರೆದರು. ಎಲ್ಲ ಸಂತ್ರಸ್ತರ ಮುಂದೆ ನಾಚಿಕೆ, ದುಃಖ ತೋಡಿಕೊಂಡರು, ಕ್ಷಮೆ ಕೇಳಿದರು. ಬೇಗನೇ ನನ್ನ ಬದುಕಿನ ಕೊನೆಯ ನ್ಯಾಯಾಧೀಶನ ಮುಂದೆ ನಿಲ್ಲುತ್ತೇನೆ ಅಂತಲೂ ಬರೆದರು. ಅದನ್ನು ಓದಿ ನನ್ನ ಮನಸ್ಸು ಕರಗಿತು. ಆದರೆ ಅದೇ ಪತ್ರದಲ್ಲಿ, ಆ ತಪ್ಪನ್ನು ಹಿಡಿದು ನನ್ನನ್ನು ಸುಳ್ಳುಗಾರ ಅಂದಿದ್ದು ನೋವು ತಂದಿತು ಅನ್ನುವ ಮಾತೂ ಇದೆ. ಇಂಥ ಪ್ರಕರಣದಲ್ಲಿ ನಾನು ಹೀಗೆ ಮಾಡಬೇಕಿತ್ತು, ಮಾಡಲಿಲ್ಲ ಅನ್ನುವ ಒಂದೇ ಒಂದು ಸಾಲು ಇಲ್ಲ. ಸಂತ್ರಸ್ತರು ಕಾಯುತ್ತಿದ್ದದ್ದು ಆ ಸಾಲಿಗೆ.

ಅವರಿಗೆ ಆಗ 94 ವರ್ಷ. 42 ವರ್ಷ ಹಿಂದಿನ ಸಭೆ ನೆನಪಿಲ್ಲದಿದ್ದರೆ ಆಶ್ಚರ್ಯವೇನೂ ಇಲ್ಲ. 82 ಪುಟಗಳ ಉತ್ತರವನ್ನು ತಯಾರಿಸಿ ಕೊಟ್ಟವರು ಸ್ನೇಹಿತರು ಅಂತ ಅವರೇ ಕೃತಜ್ಞತೆಯಿಂದ ಬರೆದಿದ್ದಾರೆ. ನನಗೆ ಕೊರೆಯುವುದು ಇದು. 2019ರಲ್ಲಿ ಯಾರೂ ಕೇಳದಿದ್ದರೂ ತಾವಾಗಿಯೇ ಕೂತು, ಇಡೀ ಸಮಾಜ ಹೇಗೆ ಕೆಟ್ಟಿತು ಅಂತ ಉದ್ದದ ಲೇಖನ ಬರೆದರು. ತಮ್ಮದೇ ಊರಿನ ಮಕ್ಕಳಿಗೆ ಏನಾಯಿತು ಅಂತ ತನಿಖೆಯವರು ಕೇಳಿದಾಗ ಉತ್ತರ ಬೇರೆಯವರ ಕೈಯಿಂದ ಬಂತು, ವಕೀಲರ ಭಾಷೆಯಲ್ಲಿ. ಆ 2019ರ ಲೇಖನದ ಜಾಗದಲ್ಲಿ, ನೆನಪು ಇನ್ನೂ ಚುರುಕಾಗಿದ್ದಾಗ, ಮ್ಯೂನಿಕ್‌ನ ಐದು ವರ್ಷಗಳ ಬಗ್ಗೆಯೇ ಅವರು ಬಿಚ್ಚಿ ಬರೆದಿದ್ದರೆ? ಅದನ್ನು ಬರೆಯಬೇಡಿ ಅಂತ ಫ್ರಾನ್ಸಿಸ್ ಹೇಳುತ್ತಿರಲಿಲ್ಲ. ಅದರಿಂದ ಎರಡು ಅಧಿಕಾರ ಕೇಂದ್ರ ಹುಟ್ಟುತ್ತಲೂ ಇರಲಿಲ್ಲ.

2022ರ ಡಿಸೆಂಬರ್ 31ರಂದು ಬೆನೆಡಿಕ್ಟ್ ತೀರಿಕೊಂಡರು. ಜನವರಿ 5ರಂದು ಹಾಲಿ ಪೋಪ್ ಒಬ್ಬರು ಹಿಂದಿನ ಪೋಪ್ ಅವರ ಅಂತ್ಯಸಂಸ್ಕಾರ ನಡೆಸಿಕೊಟ್ಟರು. ಅದೇ ತಿಂಗಳು ಗೇನ್ಸ್‌ವೈನ್ ಅವರ ಪುಸ್ತಕ ಅಂಗಡಿಗೆ ಬಂತು. ಬೆನೆಡಿಕ್ಟ್ ಬಾಯಿಬಿಟ್ಟು ಹೇಳದಿದ್ದ ಎಷ್ಟೋ ನೋವುಗಳನ್ನು ಅವರ ಪರವಾಗಿ ಬೇರೊಬ್ಬರು ಹೇಳಿದರು. ತಾವು ಪದವಿ ಬಿಟ್ಟರೆ ವ್ಯಾಟಿಕನ್‌ನಲ್ಲಿ ಇರುವುದಿಲ್ಲ, ರೋಮಿನ ನಿವೃತ್ತ ಧರ್ಮಾಧ್ಯಕ್ಷ ಅಂತಷ್ಟೇ ಕರೆಸಿಕೊಳ್ಳುತ್ತೇನೆ ಅಂತ ಫ್ರಾನ್ಸಿಸ್ 2022ರಲ್ಲೇ ಹೇಳಿದ್ದರು. ಆದರೆ ಅದನ್ನು ಕಾನೂನಾಗಿ ಬರೆಯಲಿಲ್ಲ. 2025ರ ಏಪ್ರಿಲ್ 21ರಂದು ಪೋಪ್ ಆಗಿಯೇ ತೀರಿಕೊಂಡರು. ಮೇ 8ರಂದು ಬಂದ ಹದಿನಾಲ್ಕನೇ ಲಿಯೋ ಅವರಿಗೆ ಆಗ 69 ವರ್ಷ.

ಈಗ ಆ ಕಾನೂನು ಬರೆಯಬಲ್ಲವರು ಲಿಯೋ ಒಬ್ಬರೇ. ಬಟ್ಟೆ, ಮನೆ, ಹೆಸರು, ಇವನ್ನೆಲ್ಲ ಫ್ರಾನ್ಸಿಸ್ ಹೇಳಿದ ಹಾಗೆಯೇ ಮಾಡಬಹುದು. ಹಾಲಿ ಪೋಪ್ ಮುಂದೆ ತೀರ್ಮಾನಕ್ಕೆ ಇರುವ ವಿಷಯದ ಬಗ್ಗೆ ನಿವೃತ್ತರು ಏನಾದರೂ ಹೇಳಬೇಕಿದ್ದರೆ ಅವರಿಗೇ ಹೇಳಲಿ, ಅಚ್ಚು ಹಾಕಿಸುವುದು ಬೇಡ. ಆದರೆ ನಾನು ಮೊದಲು ಕೇಳುವ ನಿಯಮ ಇದು. ಧರ್ಮಾಧ್ಯಕ್ಷರಾಗಿದ್ದ ಕಾಲದ ದೌರ್ಜನ್ಯ ಪ್ರಕರಣಗಳ ಬಗ್ಗೆ ತನಿಖೆ ಕರೆದರೆ, ನಿವೃತ್ತ ಪೋಪ್ ಕೂಡ ತಾವೇ ಬಂದು, ತಮ್ಮದೇ ಬಾಯಿಂದ, ಪೂರ್ತಿಯಾಗಿ ಉತ್ತರ ಕೊಡಬೇಕು. ಮ್ಯೂನಿಕ್‌ನ ಆ 497 ಜನರಲ್ಲಿ ಬದುಕಿರುವವರಿಗೆ ಇನ್ನು ಬೆನೆಡಿಕ್ಟ್ ಅವರಿಂದ ಅಂಥ ಉತ್ತರ ಸಿಗುವುದಿಲ್ಲ. ಬೇರೆ ಊರುಗಳಲ್ಲಿ ಇನ್ನೂ ತನಿಖೆಗಾಗಿ ಕಾಯುತ್ತಿರುವವರು ಇದ್ದಾರೆ.